ಮಳೆ ನಿಲ್ಲಲೆಂದು ಕಾದ ತಾಂಡೇಲ

"ಗುರುಗಳೇ, ಮನಸ್ಸು ತಿಳಿಯಾಗುವುದು ಯಾವಾಗ?"

ಈರಯ್ಯ ಇದನ್ನು ಕೇಳಿದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಗುರುಗಳು ಮಠದ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಜಡಿಮಳೆ ಹಿಡಿದು ಎಷ್ಟೋ ದಿನವಾಗಿತ್ತು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಹಸಿ ಸೌದೆಗೆ ಒಲೆ ಉರಿಯುತ್ತಿರಲಿಲ್ಲ, ಗುರುಗಳ ಮಂಡಿನೋವು ಬಿಟ್ಟಿರಲಿಲ್ಲ.

"ಒಂದು ಗಳಿಗೆ ಒರಗೋಣವೆಂದರೆ ಬಿಡುವುದಿಲ್ಲವಲ್ಲಯ್ಯ ನೀನು," ಎಂದರು ಗುರುಗಳು, ಕಣ್ಣು ತೆರೆಯದೆ. "ಹೋದ ವರ್ಷವೂ ಇದನ್ನೇ ಕೇಳಿದೆ. ಅದರ ಹಿಂದಿನ ವರ್ಷವೂ ಇದನ್ನೇ ಕೇಳಿದೆ. ತಿಳಿಯಾದರೆ ಏನು ಮಾಡಬೇಕೆಂದಿದ್ದೀ?"

"ಅಕ್ಕನ ಊರಿಗೆ ಹೋಗಬೇಕು."

ಈರಯ್ಯನ ಅಕ್ಕನ ವಿಷಯ ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ತಾಯಿ ಬೇಗ ಹಾಸಿಗೆ ಹಿಡಿದಿದ್ದರಿಂದ ಅವನನ್ನು ಎತ್ತಿ ಆಡಿಸಿ, ಉಣ್ಣಿಸಿ ಬೆಳೆಸಿದವಳು ಅವಳೇ. ತಾಯಿ ತೀರಿಕೊಂಡಾಗ ಈರಯ್ಯ ದೂರದಲ್ಲಿದ್ದ. ಅವನು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕ ಹತ್ತು ಜನರ ಮುಂದೆ, "ಹೆತ್ತವಳ ಬಾಯಿಗೆ ನೀರು ಬಿಡಲೂ ನಿನಗೆ ಪುರಸೊತ್ತಾಗಲಿಲ್ಲ, ಈಗ ಯಾರ ಮುಖ ನೋಡಲು ಬಂದೆ?" ಎಂದುಬಿಟ್ಟಳು. ಅವನು ಬಂದ ಕಾಲಲ್ಲೇ ತಿರುಗಿದ. ಆಮೇಲೆ ಅಕ್ಕನೇ ಆ ಕಡೆಯಿಂದ ಬರುವವರ ಕೈಲಿ ಹೇಳಿಕಳಿಸುತ್ತಿದ್ದಳು, ಒಮ್ಮೆ ಬಂದು ಹೋಗು ಎಂದು. ಈರಯ್ಯ ಹೋಗಿರಲಿಲ್ಲ.

"ಹೋಗಬಾರದೆಂದಲ್ಲ ಗುರುಗಳೇ," ಎಂದ ಈರಯ್ಯ. "ಆ ಮಾತು ನೆನಪಾದರೆ ಈಗಲೂ ಸಿಟ್ಟು ಉಕ್ಕುತ್ತದೆ. ಇಂಥ ಮನಸ್ಸು ಹೊತ್ತುಕೊಂಡು ಅವಳ ಮುಂದೆ ಹೇಗೆ ನಿಲ್ಲಲಿ? ಜಪ ಮಾಡಿದೆ, ಉಪವಾಸ ಮಾಡಿದೆ, ಮೌನ ಹಿಡಿದೆ. ನಾಲ್ಕು ದಿನ ತಿಳಿಯಾಗುತ್ತದೆ, ಆಮೇಲೆ ಮತ್ತೆ ಅದೇ ರಾಡಿ. ನನಗೂ ಸಾಕಾಗಿದೆ. ಪೂರ್ತಿ ತಿಳಿಯಾದ ದಿನ ಹೊರಟುಬಿಡುತ್ತೇನೆ."

ಗುರುಗಳು ಕಣ್ಣು ತೆರೆದರು. ಕಾಲು ಚಾಚಿ ಮಂಡಿ ಉಜ್ಜಿಕೊಂಡರು.

"ನನಗೂ ಸಾಕಾಗಿದೆ ಮಾರಾಯ," ಎಂದರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಗುರುಗಳು ಹೇಳಿದ ಕತೆ ಇದು.

ಕಡಲ ತೀರದ ಒಂದು ಊರಲ್ಲಿ ಒಬ್ಬ ತಾಂಡೇಲ ಇದ್ದ. ತಾಂಡೇಲ ಅಂದರೆ ಹಾಯಿದೋಣಿಯ ಯಜಮಾನ. ಚುಕ್ಕಾಣಿ ಅವನ ಕೈಯಲ್ಲಿ, ದೋಣಿಯ ಜನ ಅವನ ಮಾತಿನಲ್ಲಿ. ಹೆಸರು ಕೇಳಬೇಡ, ಹೆಸರು ಕಟ್ಟಿಕೊಂಡು ನಿನಗೇನಾಗಬೇಕು? ಅವನಿಗೆ ಒಂದು ದೊಡ್ಡ ದೋಣಿ ಇತ್ತು. ಹೆಂಡತಿ ಇದ್ದಳು, ಒಬ್ಬಳು ಮಗಳಿದ್ದಳು.

ಆ ತೀರದ ಮಳೆ ಹುಡುಗಾಟದ ಮಳೆಯಲ್ಲ. ಮೃಗಶಿರಕ್ಕೆ ಹಿಡಿಯಿತೆಂದರೆ ಜೊತೆಗೆ ಗಾಳಿಯೂ ಬರುತ್ತದೆ, ಕಡಲು ಎದ್ದು ನಿಲ್ಲುತ್ತದೆ. ಆಗ ದೋಣಿ ಇಳಿಸಿದವನು ವಾಪಸು ಬರುವುದಿಲ್ಲ. ಅದಕ್ಕೇ ಅಲ್ಲಿಯವರು ರೋಹಿಣಿ ಮುಗಿಯುವುದರೊಳಗೆ ದೋಣಿಗಳನ್ನು ದಡಕ್ಕೆ ಎಳೆದು, ಹೆಣೆದ ತೆಂಗಿನ ಗರಿ ಹೊದಿಸಿ, ಹಗ್ಗ ಬಿಗಿದು ಕೂರುತ್ತಿದ್ದರು.

ಮತ್ತೆ ದೋಣಿ ಇಳಿಸುವುದಕ್ಕೆ ಅವರಲ್ಲಿ ಒಂದು ಪದ್ಧತಿ ಇತ್ತು. ಅಮಾವಾಸ್ಯೆಯ ದಿನ ದಡದ ಮೇಲೆ ಒಂದು ಮಣೆ ಇಟ್ಟು, ಅದರ ಮೇಲೆ ಒಂದು ಹಿಡಿ ಕಲ್ಲುಪ್ಪು ಸುರಿದು, ಬಯಲಲ್ಲೇ ಬಿಡುವುದು. ಹುಣ್ಣಿಮೆಗೆ ಹೋಗಿ ನೋಡುವುದು. ಉಪ್ಪು ಕರಗಿದ್ದರೆ ಮಳೆ ಇನ್ನೂ ಇದೆ. ಕರಗದೆ ನಿಂತಿದ್ದರೆ ಮಳೆ ಹೋಯಿತು, ಹಗ್ಗ ಬಿಚ್ಚಬಹುದು. ಉಪ್ಪು ನಿಲ್ಲುವವರೆಗೆ ಯಾರೂ ಬಿಚ್ಚುವಂತಿಲ್ಲ, ದೊರೆ ಬಂದು ಹೇಳಿದರೂ ಇಲ್ಲ.

ತಾಂಡೇಲನ ಅಪ್ಪ ಬಿಚ್ಚಿದ್ದ. ಆರಿದ್ರಾ ಮಳೆಯ ನಡುವೆ ಒಂದೆರಡು ದಿನ ಬಿಸಿಲು ಕಂಡಿತು. ಒಬ್ಬ ವ್ಯಾಪಾರಿ ಅವಸರ ಮಾಡಿದ. ಅಪ್ಪ ಅವನ ಮಾತು ಕೇಳಿ ಹೋದ. ದೋಣಿಯ ಹಲಗೆಯೊಂದು ದಡಕ್ಕೆ ಬಂತು, ಅವನು ಬರಲಿಲ್ಲ. ಮಗ ದೊಡ್ಡವನಾಗಿ ಮೊದಲ ಸಲ ಚುಕ್ಕಾಣಿ ಹಿಡಿಯುವ ದಿನ ತಾಯಿ ಅವನ ಅಂಗೈಗೆ ಉಪ್ಪು ಹಾಕಿ ಆಣೆ ಮಾಡಿಸಿದಳು.

"ಯಾವ ಕಡಲಾಗಲಿ, ಯಾವ ದಡವಾಗಲಿ, ಉಪ್ಪು ನಿಲ್ಲದೆ ಹಗ್ಗ ಬಿಚ್ಚುವುದಿಲ್ಲ ಅನ್ನು," ಎಂದಳು.

ಅವನು ಅಂದ. ಆ ತಾಯಿಯದು ತಪ್ಪೆಂದು ನಾನು ಹೇಳಲಾರೆ. ಗಂಡನನ್ನು ಕಡಲಿಗೆ ಕೊಟ್ಟವಳು ಮಗನನ್ನಾದರೂ ಉಳಿಸಿಕೊಳ್ಳಬೇಕಲ್ಲ.

ತಾಂಡೇಲ ಕೆಲಸದಲ್ಲಿ ಗಟ್ಟಿಗ. ತುಂಬ ದೂರ ದೂರ ಹೋದ. ಪಡುವಣ ಕಡಲು ದಾಟಿ ಖರ್ಜೂರದ ನಾಡಿಗೆ ಹೋದ. ಅಲ್ಲಿ ಮಳೆ ಬರುವುದು ಎಲ್ಲೋ ಒಮ್ಮೆ. ಅವನು ಇದ್ದಾಗಲೇ ಒಂದು ದಿನ ನಾಲ್ಕು ಹನಿ ಬಿತ್ತು. ಊರಿಗೆ ಊರೇ ಬೀದಿಗೆ ಬಂದು, ತಲೆಯ ಬಟ್ಟೆ ತೆಗೆದು, ಮುಖ ಮೇಲೆತ್ತಿ ನಿಂತಿತು. ಒಬ್ಬ ಮುದುಕ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನಮ್ಮವನು ಅಭ್ಯಾಸಬಲದಿಂದ ಹಗ್ಗ ಬಿಗಿಯಲು ಓಡಿದ. ಗಂಟು ಹಾಕುವುದರೊಳಗೆ ಮಳೆ ನಿಂತಿತ್ತು. ಆದರೂ ಮಣೆಯ ಮೇಲೆ ಉಪ್ಪು ಹಾಕಿ ಹುಣ್ಣಿಮೆಯವರೆಗೆ ಕಾದೇ ಹೊರಟ. ಆ ಊರಿನವರು ಇವನಿಗೆ ತಲೆ ಕೆಟ್ಟಿದೆಯೆಂದು ಮಾತಾಡಿಕೊಂಡರು.

ಅಲ್ಲಿಯ ಬಂದರಿನಲ್ಲಿ ಬಡಗಣ ನಾಡುಗಳ ವ್ಯಾಪಾರಿಗಳು ಸಿಕ್ಕಿದರು. ಒಬ್ಬ ಹೇಳಿದ, ನಮ್ಮ ಕಡೆ ಬೇಸಗೆಯಲ್ಲಿ ಒಂದು ಹನಿ ಇಲ್ಲ, ಮಳೆಯೆಲ್ಲ ಚಳಿಗಾಲದಲ್ಲಿ, ಆ ಮಳೆಗೇ ಗೋಧಿ ಬೆಳೆಯುವುದು ಎಂದು. ಇನ್ನೊಬ್ಬ ಇನ್ನೂ ಆಚೆಯವನು. ಅವನ ನಾಡಿನಲ್ಲಿ ವರ್ಷವೆಲ್ಲ ತುಂತುರಂತೆ. ಜೋರಾಗಿ ಬರುವುದೂ ಇಲ್ಲ, ತೊಲಗುವುದೂ ಇಲ್ಲ. ಇಬ್ಬರು ಎದುರಾದರೆ ಮೊದಲು ಮಳೆಯ ವಿಚಾರ ಮಾತಾಡಿ ಆಮೇಲೆ ಕ್ಷೇಮ ಕೇಳುತ್ತಾರಂತೆ. ತಾಂಡೇಲ ಇದನ್ನೆಲ್ಲ ಕೇಳಿ ನಕ್ಕ. ಅವನಿಗೆ ಮಳೆ ಎಂದರೆ ಒಂದೇ, ತನ್ನ ಊರಿನದು. ಮಿಕ್ಕದ್ದೆಲ್ಲ ಕಾಡುಹರಟೆ.

ಇನ್ನೊಂದು ಸಲ ಮೂಡಣ ಕರಾವಳಿಗೆ ಹೋದ. ಅಲ್ಲಿ ಎಲ್ಲ ತಿರುಗುಮುರುಗು. ಇವನ ಊರಲ್ಲಿ ದೋಣಿ ಇಳಿಸುವ ಹೊತ್ತಿಗೆ ಅಲ್ಲಿ ದೋಣಿ ದಡಕ್ಕೆ ಎಳೆಯುತ್ತಾರೆ. ದೀಪಾವಳಿಯ ಹಣತೆ ಮಳೆಗೆ ಆರಿಹೋಗುತ್ತದೆ. ತಾಂಡೇಲ ಗಾಬರಿಬಿದ್ದ. ಆದರೆ ಉಪ್ಪು ಹಾಕಿ ಕಾದ. ಕಾರ್ತಿಕ ಕಳೆಯಿತು, ಮಾರ್ಗಶಿರವೂ ಕಳೆಯಿತು, ಉಪ್ಪು ನಿಂತಿತು. ಹೊರಟ, ಸುಖವಾಗಿ ಮನೆ ಸೇರಿದ. ಅಮ್ಮ ಹೇಳಿದ್ದು ಎಲ್ಲ ಕಡಲಿಗೂ ಸರಿ ಎಂದುಕೊಂಡ. ಕೆಟ್ಟದ್ದು ಅಲ್ಲೇ ನೋಡು. ಎರಡು ದಡದಲ್ಲಿ ಕೈಹಿಡಿದ ಮಾತು ಮೂರನೆಯ ದಡದಲ್ಲೂ ಕೈಹಿಡಿಯುತ್ತದೆಂದು ನಂಬಿದ.

ಅಷ್ಟರಲ್ಲಿ ಮಗಳಿಗೆ ಗಂಡು ಗೊತ್ತಾಯಿತು. ಪಕ್ಕದ ಊರಿನವನು, ಅವನೂ ದೋಣಿಯವನೇ. ವೀಳ್ಯ ಬದಲಾಯಿಸಿದರು. ಮದುವೆಗೆ ಮುಂಚೆ ಒಂದು ಯಾತ್ರೆ ಮುಗಿಸಿ ಬರುತ್ತೇನೆಂದು ತಾಂಡೇಲ ಹೊರಟ. ಹೆಂಡತಿ ದಡದವರೆಗೆ ಬಂದಳು.

"ಮಗಳ ಧಾರೆಗೆ ನೀವು ಇರಬೇಕು," ಎಂದಳು. "ಇನ್ನೊಬ್ಬರ ಕೈಯಲ್ಲಿ ನಾನು ಧಾರೆ ಎರೆಸುವುದಿಲ್ಲ."

"ಅಲ್ಲಿಯ ಮಳೆ ನಿಂತ ಮರುದಿನವೇ ಹೊರಡುತ್ತೇನೆ," ಎಂದ.

ಸುಳ್ಳು ಹೇಳಲಿಲ್ಲ ಕಣಯ್ಯ ಅವನು. ಹೇಳಿದ ಹಾಗೇ ನಡೆದುಕೊಂಡ. ಅದೇ ಸಂಕಟ.

ಈ ಸಲ ಹೋದದ್ದು ಲವಂಗ ಬೆಳೆಯುವ ಒಂದು ದ್ವೀಪಕ್ಕೆ, ಮೂಡಣ ಕಡಲಿನ ಬಹಳ ಆಚೆಗೆ. ದಡ ಮುಟ್ಟುವಾಗಲೇ ಮಳೆ. ಅವನು ಹಿಂದೆಮುಂದೆ ನೋಡದೆ ದೋಣಿಯನ್ನು ಮೇಲಕ್ಕೆ ಎಳೆಸಿ, ಗರಿ ಹೊದಿಸಿ, ಹಗ್ಗ ಬಿಗಿಸಿದ. ಲವಂಗ ಕೊಂಡ. ಅಮಾವಾಸ್ಯೆಗೆ ಉಪ್ಪು ಹಾಕಿದ. ಹುಣ್ಣಿಮೆಗೆ ಹೋಗಿ ನೋಡಿದರೆ ಮಣೆ ಮಾತ್ರ ಇತ್ತು. ಮತ್ತೆ ಹಾಕಿದ. ಮತ್ತೆ ಕರಗಿತು.

ಆ ದ್ವೀಪದಲ್ಲಿ ಮಳೆಗಾಲ ಅನ್ನುವುದೇ ಇಲ್ಲ. ಬೇಸಗೆಯೂ ಇಲ್ಲ, ಚಳಿಯೂ ಇಲ್ಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನಕ್ಕೆ ಮೋಡ, ಒಂದು ಜೋರು ಮಳೆ, ಸಂಜೆಗೆ ಮತ್ತೆ ತಿಳಿ. ವರ್ಷವಿಡೀ ಇಷ್ಟೇ. ಗಾಳಿಯ ಅಬ್ಬರ ಇಲ್ಲ, ಕಡಲು ಕೆರೆಯ ಹಾಗೆ ಬಿದ್ದಿರುತ್ತದೆ. ಅಲ್ಲಿಯ ಜನ ದಿನಾ ದೋಣಿ ಇಳಿಸುತ್ತಾರೆ, ನೆನೆಯುತ್ತಾರೆ, ಮೀನು ಹಿಡಿದುಕೊಂಡು ಬರುತ್ತಾರೆ. ತಾಂಡೇಲ ದಡದಲ್ಲಿ ಕೂತು ಅವರನ್ನು ನೋಡುತ್ತಿದ್ದ. ಪಾಪ, ಒಂದಲ್ಲ ಒಂದು ದಿನ ಹೋಗುತ್ತಾರೆ ಇವರು, ಎಂದು ಮರುಗುತ್ತಿದ್ದ. ಅವರು ಸಂಜೆ ಬರುತ್ತಿದ್ದರು. ಮರುದಿನವೂ ಬರುತ್ತಿದ್ದರು. ಅವನು ಮರುಗುವುದು ಬಿಡಲಿಲ್ಲ.

ಅವನಿಗೆ ಇರಲು ಗುಡಿಸಲು ಕೊಟ್ಟವಳು ಒಬ್ಬ ಮುದುಕಿ. ಅವಳ ಮಾತು ಅಷ್ಟಿಷ್ಟು ಕಲಿತ ಮೇಲೆ ಒಂದು ದಿನ ಕೇಳಿದ.

"ಅಜ್ಜಿ, ನಿಮ್ಮಲ್ಲಿ ಮಳೆ ನಿಲ್ಲುವುದು ಯಾವಾಗ?"

"ಸಂಜೆಗೆ ನಿಲ್ಲುತ್ತದೆ," ಎಂದಳು ಮುದುಕಿ.

"ಅದಲ್ಲ. ಪೂರ್ತಿ ನಿಲ್ಲುವುದು."

"ಪೂರ್ತಿಯೇ ನಿಲ್ಲುತ್ತದಪ್ಪ. ನಿಂತ ಮೇಲೆ ಬಟ್ಟೆ ಒಣಹಾಕುತ್ತೇವಲ್ಲ, ನೀನು ನೋಡಿಲ್ಲವೇ?"

ಮುದುಕಿಗೆ ಅವನ ಪ್ರಶ್ನೆ ತಿಳಿಯಲಿಲ್ಲ, ಅವನಿಗೆ ಮುದುಕಿಯ ಉತ್ತರ ತಿಳಿಯಲಿಲ್ಲ. ಮುದುಕಿಗೆ ಬುದ್ಧಿ ಕಡಿಮೆ ಎಂದುಕೊಂಡು ಎದ್ದುಹೋದ.

ಕೆಲವೊಮ್ಮೆ ಎರಡು ಮೂರು ದಿನ ಹನಿ ಬೀಳುತ್ತಿರಲಿಲ್ಲ. ಆಗ ಅವನಿಗೆ ಜೀವ ಬಂದ ಹಾಗಾಗುತ್ತಿತ್ತು. ದೋಣಿಯವರನ್ನು ಕರೆದು ಸಾಮಾನು ಕಟ್ಟಿ ಎನ್ನುತ್ತಿದ್ದ, ಕುಡಿಯುವ ನೀರು ತುಂಬಿ ಎನ್ನುತ್ತಿದ್ದ. ಮಗಳಿಗೆಂದು ಕೊಂಡಿದ್ದ ಸೀರೆ ತೆಗೆದು ನೋಡಿ ಮಡಿಸಿಡುತ್ತಿದ್ದ. ಅಷ್ಟರಲ್ಲಿ ಮಧ್ಯಾಹ್ನದ ಮೋಡ ಬರುತ್ತಿತ್ತು, ಮಣೆ ತೊಳೆದುಹೋಗುತ್ತಿತ್ತು. ದೋಣಿಯವರು ಕಟ್ಟಿದ್ದನ್ನು ಬಿಚ್ಚುತ್ತಿದ್ದರು.

ಕಾಯುವುದು ಬಹಳ ದಣಿವಿನ ಕೆಲಸ ಈರಯ್ಯ. ದುಡಿದು ದಣಿದವನಿಗೆ ಮಲಗಿದರೆ ನಿದ್ದೆ ಬರುತ್ತದೆ. ಕಾಯುವವನಿಗೆ ಅದೂ ಇಲ್ಲ. ಅವರಿಗೆಲ್ಲ ಸುಸ್ತಾಯಿತು. ವರ್ಷ ಕಳೆದ ಮೇಲೆ ದೋಣಿಯವರು ಬಂದು ಅವನ ಮುಂದೆ ನಿಂತರು.

"ತಾಂಡೇಲರೇ, ಇಲ್ಲಿ ಲವಂಗಕ್ಕೆ ಬಂದ ಬೇರೆ ದೋಣಿಗಳು ಹೊರಡುತ್ತಿವೆ. ನಾವು ಹತ್ತಿಕೊಳ್ಳುತ್ತೇವೆ. ನೀವೂ ಬನ್ನಿ."

"ಮಳೆಯಲ್ಲಿ ಹೋಗಿ ಸಾಯುತ್ತೀರಾ? ಹೋಗಿ," ಎಂದ ತಾಂಡೇಲ. ಅವರನ್ನು ಬೈದ, ಅತ್ತ, ಕೈಹಿಡಿದು ಎಳೆದ. ಅವರು ಅವನ ಕಾಲು ಮುಟ್ಟಿ ಹೊರಟುಹೋದರು. ಅವರ ಹೆಸರಿನಲ್ಲಿ ಅವನು ಕಡಲಿಗೆ ಎಳ್ಳುನೀರು ಬಿಟ್ಟ. ಅವರೋ, ಸುಖವಾಗಿ ಊರು ಮುಟ್ಟಿ ಅನ್ನ ಉಂಡು ಮಲಗಿದರು.

ಈರಯ್ಯ ತಡೆಯಲಾರದೆ ಕೇಳಿದ. "ಬೇರೆಯವರ ದೋಣಿ ಬೇರೆಯವರು ಬಿಚ್ಚುತ್ತಾರೆ ಗುರುಗಳೇ. ಅದರಲ್ಲಿ ಕೂತರೆ ಅವನ ಆಣೆ ಹೇಗೆ ಮುರಿಯುತ್ತದೆ?"

"ಬಾಯಿ ಹಾಕಬೇಡ ಅಂದಿದ್ದೆ," ಎಂದರು ಗುರುಗಳು. "ಮುರಿಯುವುದಿಲ್ಲ. ಅದು ಅವನಿಗೂ ಹೊಳೆದಿರಬೇಕು. ಅವನನ್ನು ಹಿಡಿದದ್ದು ಆಣೆ ಮಾತ್ರವೇ? ಭಯವೂ ಹಿಡಿದಿತ್ತು. ಅಪ್ಪನ ದೋಣಿಯ ಆ ಹಲಗೆ ಅವನ ಕಣ್ಣ ಮುಂದೆಯೇ ಇತ್ತು. ಆಣೆ ಅಂದರೆ ಮರ್ಯಾದೆ, ಭಯ ಅಂದರೆ ನಾಚಿಕೆ. ಅವನು ಆಣೆ ಎಂದೇ ಹೇಳಿಕೊಂಡ. ಮುಂದೆ ಕೇಳು."

ಊರು ಮುಟ್ಟಿದವರು ತಾಂಡೇಲನ ಮನೆಗೆ ಹೋಗಿ ವಿಷಯ ಹೇಳಿದರು. ಬದುಕಿದ್ದಾನೆ, ಮಳೆ ನಿಲ್ಲಲೆಂದು ಕೂತಿದ್ದಾನೆ. ಹೆಂಡತಿ, ಬದುಕಿದ್ದಾರಲ್ಲ ಎಂದು ಕೈಮುಗಿದಳು. ಗಂಡಿನ ಕಡೆಯವರಿಗೆ, ಇನ್ನೊಂದು ಮಳೆಗಾಲ ತಡೆಯಿರಿ ಎಂದಳು. ಅವರು ತಡೆದರು. ಅದೂ ಕಳೆಯಿತು, ಇನ್ನೊಂದೂ ಕಳೆಯಿತು. ಮಗಳ ಓರಗೆಯವರೆಲ್ಲ ಮದುವೆಯಾಗಿ ಮಕ್ಕಳನ್ನು ಎತ್ತಿಕೊಂಡು ತವರಿಗೆ ಬರತೊಡಗಿದರು. ಇವಳು ನೀರಿಗೆ ಹೋಗುವುದಕ್ಕೂ ನಾಚಿಕೊಂಡು ಮುಸುಕು ಹೊತ್ತುಕೊಳ್ಳುತ್ತಿದ್ದಳು. ಗಂಡಿನ ತಾಯಿ ಬೇರೆ ಹೆಣ್ಣು ನೋಡೋಣವೆಂದಳು. ಗಂಡು ಒಪ್ಪಲಿಲ್ಲ.

"ನಾನೇ ಹೋಗಿ ಮಾವನನ್ನು ಕರೆದುಕೊಂಡು ಬರುತ್ತೇನೆ," ಎಂದ.

ಬಂದ. ಅಷ್ಟು ದೂರ ದೋಣಿ ನಡೆಸಿಕೊಂಡು ಬಂದ ಹುಡುಗ, ಮಧ್ಯಾಹ್ನದ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಗುಡಿಸಲ ಬಾಗಿಲಲ್ಲಿ ನಿಂತ. ತಾಂಡೇಲ ಅವನನ್ನು ಅಪ್ಪಿಕೊಂಡು ಅತ್ತ. ಮಗಳು ಹೇಗಿದ್ದಾಳೆ, ಅವಳಮ್ಮ ಹೇಗಿದ್ದಾಳೆ ಎಂದು ಕೇಳಿದ್ದೇ ಕೇಳಿದ.

"ಏಳಿ ಮಾವ, ಹೊರಡೋಣ," ಎಂದ ಹುಡುಗ. "ನಿಮ್ಮ ದೋಣಿ ಬೇಡವೆಂದರೆ ನನ್ನದರಲ್ಲಿ ಬನ್ನಿ."

"ಮಳೆ ಬರುತ್ತಿದೆಯಲ್ಲೋ!"

"ಈ ಮಳೆಯಲ್ಲೇ ಬಂದೆ ನಾನು. ಮಾವ, ನಮ್ಮೂರಲ್ಲಿ ದೋಣಿ ಮುಳುಗಿಸುವುದು ಗಾಳಿ. ಅಲ್ಲಿ ಗಾಳಿ ಮಳೆ ಎರಡೂ ಜೊತೆಗೆ ಬರುತ್ತವೆ, ಅದಕ್ಕೆ ಹಿರಿಯರು ಉಪ್ಪು ನೋಡಿದರು. ಇಲ್ಲಿ ಗಾಳಿಯೇ ಇಲ್ಲ. ಈ ಮಳೆ ನಿಮ್ಮನ್ನು ನೆನೆಸುತ್ತದೆ, ಅಷ್ಟೇ. ಅದರಿಂದ ಏನಾಗುತ್ತದೆ?"

ತಾಂಡೇಲ ಹೊರಗೆ ಬಗ್ಗಿ ಕಡಲನ್ನು ನೋಡಿದ. ಹುಡುಗ ಹೇಳಿದ್ದು ಅವನ ತಲೆಗೆ ಹೋಯಿತು, ಅದರಲ್ಲಿ ಅನುಮಾನವಿಲ್ಲ. ಕಾಲಿಗೆ ಇಳಿಯಲಿಲ್ಲ.

"ನೀನು ಹೇಳುವುದು ಸರಿಯಿರಬಹುದು," ಎಂದ ಕೊನೆಗೆ. "ಒಂದು ಹುಣ್ಣಿಮೆ ನೋಡಿಬಿಡೋಣ."

ಹುಡುಗ ಒಂದು ಹುಣ್ಣಿಮೆ ಕಾದ. ಉಪ್ಪು ಕರಗಿತು. ಮಾವನ ಮೇಲಿನ ಮರ್ಯಾದೆಗೆ ಇನ್ನೊಂದು ಹುಣ್ಣಿಮೆ ಕಾದ. ಅದೂ ಕರಗಿತು. ಆಮೇಲೆ ಅವನು ಒಬ್ಬನೇ ಹೊರಟ. ಹೊರಡುವಾಗ ಮುಖ ಗಂಟು ಹಾಕಿಕೊಂಡಿದ್ದ. ತಾಂಡೇಲ ಮಗಳ ಸೀರೆಯನ್ನು ಅವನ ಕೈಗೆ ಕೊಟ್ಟು, "ಉಪ್ಪು ನಿಂತ ಮರುದಿನ ನಾನು ಅಲ್ಲಿರುತ್ತೇನೆ, ಅವಳಿಗೆ ಹೇಳು," ಎಂದ.

ಊರಿನಲ್ಲಿ ಹೆಂಡತಿ ಆ ಸೀರೆ ನೋಡಿ ತನ್ನ ಅಣ್ಣನಿಗೆ ಹೇಳಿಕಳಿಸಿದಳು. ಅದೇ ವರ್ಷ ಮದುವೆ ನಡೆಯಿತು. ಮಗಳ ಸೋದರಮಾವ ಧಾರೆ ಎರೆದ. ಧಾರೆಯ ನೀರು ಕೈಮೇಲೆ ಬೀಳುವಾಗ ಮಗಳು ಕಡಲಿನ ಕಡೆಗೇ ನೋಡುತ್ತಿದ್ದಳಂತೆ. ಪುರೋಹಿತರು ಅವಳನ್ನು ಗದರಬೇಕಾಯಿತು.

ತಾಂಡೇಲ ಇದ್ದಲ್ಲೇ ಇದ್ದ. ಮತ್ತೆ ಏನು ಮಾಡುತ್ತಾನೆ? ನಾರು ಹೊಸೆದು ಹಗ್ಗ ಮಾಡಿಕೊಟ್ಟು ಹೊಟ್ಟೆ ಹೊರೆದುಕೊಂಡ. ಹೊದಿಸಿದ ಗರಿ ಕೊಳೆತರೆ ಹೊಸ ಗರಿ ಹೊದಿಸಿದ. ಅಮಾವಾಸ್ಯೆಗೆ ಉಪ್ಪು, ಹುಣ್ಣಿಮೆಗೆ ಬರಿ ಮಣೆ. ಮೊದಮೊದಲು ಆ ಬರಿ ಮಣೆ ನೋಡಿ ಅಳುತ್ತಿದ್ದ. ಆಮೇಲೆ ಅಳುವುದಕ್ಕೂ ಬೇಜಾರಾಯಿತು. ಇನ್ನೂ ಆಮೇಲೆ, ಹೇಳಿದರೆ ನಂಬುವುದಿಲ್ಲ ನೀನು, ಉಪ್ಪು ಕರಗಿದ್ದು ನೋಡಿದರೆ ಅವನಿಗೆ ಒಂಥರಾ ಸಮಾಧಾನವಾಗುತ್ತಿತ್ತು. ಸದ್ಯ, ಇವತ್ತು ಹೊರಡಬೇಕಾಗಿಲ್ಲ. ಊರಿಗೆ ಹೋಗಿ ಯಾವ ಮುಖ ತೋರಿಸಬೇಕು ಎನ್ನುವ ಚಿಂತೆ ಇನ್ನೊಂದು ಹುಣ್ಣಿಮೆಯವರೆಗೆ ಇಲ್ಲ. ಗುಡಿಸಲಿನ ಮುದುಕಿ ಸತ್ತಳು. ಅವಳ ಮಗಳು ಇವನನ್ನು ಅಜ್ಜ ಎಂದು ಕರೆಯತೊಡಗಿದಳು.

ಒಂದು ವರ್ಷ ಆ ದ್ವೀಪಕ್ಕೆ ಎಂದೂ ಬಾರದ ಬರ ಬಂತು. ಮಧ್ಯಾಹ್ನದ ಮೋಡ ಬರಲಿಲ್ಲ. ಮರುದಿನವೂ ಬರಲಿಲ್ಲ. ಲವಂಗದ ಮರ ಎಲೆ ಉದುರಿಸಿತು, ನೀರಿನ ಊಟೆಗಳು ಬತ್ತಿದವು, ಜನ ಕೊಡ ಹಿಡಿದು ಬೆಟ್ಟದ ಮೇಲೆ ಅಲೆದರು. ಅವರಿಗೆ ಬರವೆಂದರೆ ಏನೆಂದೇ ಗೊತ್ತಿರಲಿಲ್ಲ, ಎದೆ ಬಡಿದುಕೊಂಡು ಅತ್ತರು. ಹುಣ್ಣಿಮೆಯ ದಿನ ತಾಂಡೇಲ ದಡಕ್ಕೆ ಹೋದ. ಮಣೆಯ ಮೇಲೆ ಉಪ್ಪು ಹಾಗೇ ಇತ್ತು.

ಮುದುಕ ಕುಣಿದುಬಿಟ್ಟ. ಅಳುವ ಊರಿನ ನಡುವೆ ಒಬ್ಬನೇ ನಗುತ್ತ ಓಡಿದ. "ನಿಂತಿತು! ಮಳೆ ನಿಂತಿತು! ಯಾರಾದರೂ ಬಂದು ಕೈಹಾಕಿ, ದೋಣಿ ಇಳಿಸಬೇಕು!" ಜನ ಅವನನ್ನು ಅಸಹ್ಯದಿಂದ ನೋಡಿದರು. ಆದರೂ ಒಳ್ಳೆಯ ಜನ, ಮುದುಕ ಹೋಗಿ ಮನೆ ಸೇರಲಿ ಎಂದು ನಾಲ್ಕು ಜನ ಬಂದರು. ಗರಿ ಸರಿಸಿದರು. ಹಗ್ಗ ಅವನೇ ಬಿಚ್ಚಿದ. ಎಲ್ಲರೂ ಸೇರಿ ದೋಣಿಗೆ ಹೆಗಲು ಕೊಟ್ಟರು.

ದೋಣಿ ಅವರ ಕೈಗೆ ಬಿಡಿಬಿಡಿಯಾಗಿ ಬಂತು. ಆ ಕಾಲದ ದೋಣಿಗಳಿಗೆ ಮೊಳೆ ಇರುತ್ತಿರಲಿಲ್ಲ, ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನಿಂದ ಹೊಲಿಯುತ್ತಿದ್ದರು. ಆ ನಾರು ಕಡಲ ಉಪ್ಪುನೀರಿನಲ್ಲಿ ನೆನೆದಷ್ಟೂ ಬಾಳುತ್ತದೆ. ದಡದ ಮೇಲೆ ಮಳೆನೀರು ಕುಡಿಯುತ್ತ ಕೂತರೆ ಕೊಳೆಯುತ್ತದೆ. ಅವನು ಕಡಲಿನಿಂದ ಕಾಪಾಡಿ ಇಟ್ಟ ದೋಣಿ ಯಾವತ್ತೋ ಸತ್ತಿತ್ತು.

ಅವನು ಆ ಹಲಗೆಗಳ ನಡುವೆ ಕೂತುಬಿಟ್ಟ. ಎಷ್ಟು ಕರೆದರೂ ಏಳಲಿಲ್ಲ. ಮುದುಕಿಯ ಮಗಳು ತನ್ನ ಪಾಲಿನ ನೀರಿನಲ್ಲೇ ಒಂದಿಷ್ಟು ತಂದು ಕುಡಿಸುತ್ತಿದ್ದಳು. ಬರ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಅವನ ಸೀಮೆಯದೇ ಒಂದು ದೋಣಿ ಲವಂಗಕ್ಕೆ ಬಂತು. ಲವಂಗ ಇಲ್ಲದ್ದರಿಂದ ಬಂದ ಹಾಗೇ ತಿರುಗಿತು. ಅದರ ತಾಂಡೇಲ ಈ ಮುದುಕನನ್ನು ಎತ್ತಿಕೊಂಡು ದೋಣಿಯಲ್ಲಿ ಮಲಗಿಸಿದ. ಬರುತ್ತೇನೆ ಎಂದೂ ಅನ್ನದೆ, ಬರುವುದಿಲ್ಲ ಎಂದೂ ಅನ್ನದೆ ಅವನು ಮಲಗಿದ್ದ. ನಡುಗಡಲಿನಲ್ಲಿ ಮಳೆ ಬಂತು. ಮುದುಕ ನೆನೆದ. ಒಬ್ಬ ಹುಟ್ಟು ಹಾಕುವವನು ಅವನ ಮೇಲೆ ಗೋಣಿ ಹೊದಿಸಿದ. ಅಷ್ಟೇ ಆದದ್ದು.

ಊರು ಮುಟ್ಟಿದರು. ಮನೆ ಅದೇ. ಬಾಗಿಲಲ್ಲಿ ಒಬ್ಬ ಹೆಂಗಸು ಅಕ್ಕಿ ಕೇರುತ್ತಿದ್ದಳು, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅವಳು ಹೆಂಡತಿಯೆಂದು ತಿಳಿದು ಮುದುಕ ಹೆಸರು ಹಿಡಿದು ಕರೆದ. ಅವಳು ಮಗಳು. ಹೆಂಡತಿ ಹಿಂದಿನ ವರ್ಷ ಆಶ್ಲೇಷ ಮಳೆಯಲ್ಲಿ ತೀರಿಕೊಂಡಿದ್ದಳು, ಆಮೇಲೆ ಮಗಳು ಇಲ್ಲೇ ಬಂದು ಇದ್ದಳು. ಯಾರೆಂದು ಗುರುತು ಹತ್ತಲು ಮಗಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗುರುತು ಹತ್ತಿದ ಮೇಲೆ ಮೊರ ಕೆಳಗಿಟ್ಟಳು.

"ಇಷ್ಟು ವರ್ಷ ಅಲ್ಲಿ ಏನು ಮಾಡುತ್ತಿದ್ದೆ ಅಪ್ಪಾ?"

"ಮಳೆ ನಿಲ್ಲಲಿ ಅಂತ ಕಾಯುತ್ತಿದ್ದೆ ಮಗಳೇ."

"ಇಲ್ಲಿ ಪ್ರತಿ ವರ್ಷವೂ ನಿಲ್ಲುತ್ತಿತ್ತಪ್ಪ," ಎಂದಳು ಮಗಳು.

ಒಳಗೆ ಹೋಗಿ ಅಪ್ಪನಿಗೆ ಕಾಲು ತೊಳೆಯಲು ನೀರು ತಂದಿಟ್ಟಳು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಕಂಬಕ್ಕೆ ಒರಗಿದರು. ಕಣ್ಣು ಮುಚ್ಚಿದರು. ಹೇಳಿ ಹೇಳಿ ಅವರ ದನಿ ಸೋತಿತ್ತು. ಈರಯ್ಯ ನೆಲ ನೋಡುತ್ತ ಕೇಳಿದ.

"ಕೊಟ್ಟ ಮಾತಿಗೆ ಅವನು ತಪ್ಪಲಿಲ್ಲವಲ್ಲ ಗುರುಗಳೇ. ದುಡುಕಿ ಹೊರಡಲಿಲ್ಲ, ಯಾರಿಗೂ ಕೆಟ್ಟದ್ದು ಬಯಸಲಿಲ್ಲ. ಅವನ ತಪ್ಪಾದರೂ ಏನು?"

"ತಪ್ಪಿನ ಮಾತು ಆಮೇಲೆ ಆಡೋಣ, ನಿನ್ನ ಅಕ್ಕನಿಗೆ ಈಗ ವಯಸ್ಸೆಷ್ಟಾಯಿತು ಈರಯ್ಯ?"